ಮಗ್ಗದ ಸದ್ದಿನಲ್ಲಿ ಒಂದು ಸ್ಕ್ಯಾನಿಂಗ್

ಮನುಷ್ಯನ ತಲೆಗೆ ಕಿಟಕಿ ಇರುವುದು ಹುಟ್ಟಿದ ಮೇಲೆ ಹೆಚ್ಚೆಂದರೆ ಒಂದೂವರೆ ವರ್ಷ. ಆಮೇಲೆ ಮೂಳೆಗಳು ಕೂಡಿಕೊಂಡು ಅದು ಮುಚ್ಚಿಹೋಗುತ್ತದೆ. ನೆತ್ತಿಯ ಮೇಲಿನ ಆ ಮೆತ್ತನೆ ಜಾಗದಿಂದ ಒಳಗೆ ಇಣುಕಿ ನೋಡುವುದು ನನ್ನ ಕೆಲಸ. ದೊಡ್ಡಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ನಾನು ಸ್ಕ್ಯಾನಿಂಗ್ ಡಾಕ್ಟರು. ಬಸಿರು, ಕಿಡ್ನಿಯ ಕಲ್ಲು, ಹೊಟ್ಟೆಯ ಗಂಟು, ಯಾರಿಗೂ ಅರ್ಥವಾಗದ ಹೊಟ್ಟೆನೋವು ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಆದರೆ ಎಳೆ ಕೂಸಿನ ತಲೆ ನೋಡುವ ದಿನ ನಾನು ಬೆಳಗಿನಿಂದಲೇ ಒಂದು ಸುತ್ತು ಹಗುರವಾಗಿರುತ್ತೇನೆ. ಕಾಫಿ ಆರಿಹೋಗಿದ್ದರೂ ಅವತ್ತು ಯಾರ ಮೇಲೂ ರೇಗುವುದಿಲ್ಲ.

ಚಿಕ್ಕವಳಿದ್ದಾಗ ಅಮ್ಮ ನನ್ನ ತಮ್ಮನಿಗೆ ಎಣ್ಣೆನೀರು ಹಾಕುವುದನ್ನು ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆ. ಚಾಚಿದ ಕಾಲ ಮೇಲೆ ಅವನನ್ನು ಮಲಗಿಸಿಕೊಂಡು, ಅಂಗೈಗೆ ಹರಳೆಣ್ಣೆ ಸುರಿದುಕೊಂಡು, ನೆತ್ತಿಗೆ ಒತ್ತಿ ಮೆಲ್ಲಗೆ ತಟ್ಟುತ್ತಿದ್ದಳು. ಅವಳು ಕೈ ತೆಗೆದ ಮೇಲೂ ಆ ಜಾಗ ಏರುತ್ತಾ ಇಳಿಯುತ್ತಾ ಇರುತ್ತಿತ್ತು. ಅಮ್ಮ ತಟ್ಟಿದ್ದಕ್ಕೆ ಒಳಗಿನಿಂದ ಯಾರೋ ತಿರುಗಿ ತಟ್ಟುತ್ತಿದ್ದಾರೆ ಎಂದುಕೊಂಡಿದ್ದೆ. ಯಾರು ಎಂದು ಕೇಳಿದರೆ ಅಮ್ಮ, ನಿನ್ ತಮ್ಮನೇ ಕಣೆ, ಇನ್ಯಾರು ಎಂದಳು. ನನಗೆ ಸಮಾಧಾನವಾಗಲಿಲ್ಲ. ತಮ್ಮ ಹೊರಗೆ ಅಳುತ್ತಿದ್ದ, ಒಳಗಿನವನು ಸದ್ದಿಲ್ಲದೆ ತಟ್ಟುತ್ತಿದ್ದ. ಇಬ್ಬರೂ ಒಬ್ಬನೇ ಹೇಗಾಗುತ್ತಾರೆ? ಆ ಸಂಶಯ ಇವತ್ತಿಗೂ ಪೂರ್ತಿ ಹೋಗಿಲ್ಲ. ಸಾಂಬ್ರಾಣಿ ಹೊಗೆಯಲ್ಲಿ ಮಿಡಿಯುವ ಆ ನೆತ್ತಿಯನ್ನು ನೋಡುತ್ತಾ ನೋಡುತ್ತಾ ನಾನೇ ಗೋಡೆಗೆ ಒರಗಿ ತೂಕಡಿಸುತ್ತಿದ್ದೆ.

ನಮ್ಮದು ಮಗ್ಗದ ಮನೆ. ಮುಂದೆ ನಾವು, ಹಿಂದೆ ರೇಷ್ಮೆ ಸೀರೆ ನೇಯುವ ಕರೆಂಟಿನ ಮಗ್ಗಗಳು, ನಡುವೆ ಒಂದೇ ಗೋಡೆ. ನಮ್ಮ ಬೀದಿಯ ಎಲ್ಲ ಮನೆಯೂ ಹೀಗೆಯೇ. ಅಲ್ಲಿ ಬೆಳೆದವರು ಪಿಸುಮಾತು ಕಲಿಯುವುದಿಲ್ಲ. ಉಪ್ಪು ಕೊಡು ಎನ್ನಬೇಕಾದರೂ ಲಾಳಿಯ ಸದ್ದನ್ನು ಮೀರಿ ಕೂಗಬೇಕು. ನಾನು ಗುಟ್ಟು ಹೇಳಿದರೆ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಗೊತ್ತಾಗುತ್ತದೆ ಎಂದು ಆಸ್ಪತ್ರೆಯ ನರ್ಸ್‌ಗಳು ಈಗಲೂ ಗೇಲಿ ಮಾಡುತ್ತಾರೆ. ಹಾಗೆಯೇ ನನಗೆ ನಿಶ್ಶಬ್ದದಲ್ಲಿ ನಿದ್ದೆ ಬರುವುದಿಲ್ಲ. ಮದುವೆಯಾದ ಮೇಲೆ ದೇವನಹಳ್ಳಿ ರಸ್ತೆಯ ಹೊಸ ಬಡಾವಣೆಗೆ ಬಂದೆ. ಎಷ್ಟು ಪ್ರಶಾಂತವಾಗಿದೆ ನೋಡಿ ಎಂದು ಮನೆ ತೋರಿಸಿದವರು ಹೆಮ್ಮೆಪಟ್ಟಿದ್ದರು. ಆ ಪ್ರಶಾಂತತೆಯಲ್ಲಿ ಮೊದಲ ಕೆಲವು ತಿಂಗಳು ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಗಂಡ ಪಾಪ, ನನಗೆ ಅತ್ತೆಮನೆ ಹಿಡಿಸಿಲ್ಲ ಎಂದು ತಿಳಿದಿದ್ದ.

ಎಳೆ ಕೂಸಿನ ಮೆದುಳು ಪರದೆಯ ಮೇಲೆ ಬೂದಿ ಬಣ್ಣದಲ್ಲಿ ಮೂಡುತ್ತದೆ. ಮಾಗಿಯ ಬೆಳಿಗ್ಗೆ ಕೆರೆ ಏರಿಯ ಮೇಲೆ ಬಸ್ಸಿನಲ್ಲಿ ಬರುವಾಗ ಮಂಜಿನೊಳಗೆ ಮರ ಯಾವುದು, ಮನುಷ್ಯ ಯಾರು ಎಂದು ಕಣ್ಣು ಕಿರಿದು ಮಾಡಿ ನೋಡುತ್ತೇವಲ್ಲ, ಹಾಗೆಯೇ ನೋಡಬೇಕು. ನಡುವೆ ಎರಡು ಪುಟ್ಟ ನೀರಿನ ಹೊಂಡಗಳು ಕಪ್ಪಗೆ ಕಾಣುತ್ತವೆ. ಸುತ್ತ ಮಡಿಕೆ ಇನ್ನೂ ಸರಿಯಾಗಿ ಬಿದ್ದಿರದ ಮೆದುಳು. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ಮಡಿಕೆಗಳೇ ಇರುವುದಿಲ್ಲ, ಮೇಲ್ಮೈ ನುಣ್ಣಗಿರುತ್ತದೆ. ಇನ್ನೂ ಒಂದು ಮಾತನ್ನೂ ಕೇಳಿ ನೆನಪಿಟ್ಟುಕೊಳ್ಳದ, ಯಾರ ಮೇಲೂ ಸಿಟ್ಟಿಲ್ಲದ ಜಾಗ ಅದು. ನಾನು ಅಲ್ಲಿ ಕಳೆದುಹೋಗುತ್ತೇನೆ. ಮೇಡಂ, ಸಾಕು, ಮಗು ಹಸಿದಿದೆ ಎಂದು ನರ್ಸ್ ಭುಜ ತಟ್ಟಿದಾಗ ಬೇರೆ ಯಾವುದೋ ಊರಿನಿಂದ ವಾಪಸಾದ ಹಾಗಾಗುತ್ತದೆ.

ಆದರೆ ಮಂಜು ಚೆಂದ ಎಂದು ಹೇಳಿ ಮನೆಗೆ ಹೋಗುವಂತಿಲ್ಲ. ಅದರೊಳಗೆ ಏನಿದೆ ಎಂದು ಬರೆದುಕೊಡಬೇಕು. ಹಳೆಯ ಯಂತ್ರದಲ್ಲಿ ದೊಡ್ಡ ರಕ್ತಸ್ರಾವ ಕಾಣುತ್ತಿತ್ತು, ನೀರು ತುಂಬಿ ಹೊಂಡ ಉಬ್ಬಿದರೆ ಕಾಣುತ್ತಿತ್ತು. ಸಣ್ಣದು ಕಾಣುತ್ತಿರಲಿಲ್ಲ. ಮುಖ್ಯವಾಗಿ, ಸೂಜಿಯ ಮೊನೆಗಿಂತ ಸಣ್ಣ ನಾಳಗಳಲ್ಲಿ ರಕ್ತ ಹರಿಯುತ್ತಿದೆಯೋ ನಿಂತಿದೆಯೋ ಎಂದು ತಿಳಿಯುತ್ತಿರಲಿಲ್ಲ.

ಅದನ್ನು ತೋರಿಸುತ್ತೇವೆ ಎಂದು ಬೆಂಗಳೂರಿನ ಒಂದು ಪ್ರಯೋಗಾಲಯದ ಎಂಜಿನಿಯರ್ ಒಬ್ಬರು ಬಂದರು. ನನ್ನ ವಯಸ್ಸಿನವರೇ. ಮಾತಾಡುವಾಗ ಗಾಳಿಯಲ್ಲಿ ಬೆರಳಿನಿಂದ ಚಿತ್ರ ಬರೆಯುವ ಅಭ್ಯಾಸ. ಅವರು ತಂದ ಪ್ರೋಬ್, ಅಂದರೆ ತಲೆಗೆ ತಾಗಿಸಿ ಹಿಡಿಯುವ ಸಾಧನ, ಹೆಬ್ಬೆರಳಿನ ಗಾತ್ರದ್ದು, ಎಳೆ ನೆತ್ತಿಗೆ ಸರಿಯಾಗಿ ಕೂರುವಂಥದ್ದು. ಹಳೆಯ ಯಂತ್ರ ಕಿವಿಗೆ ಕೇಳಿಸದ ಶಬ್ದವನ್ನು ಗೆರೆ ಗೆರೆಯಾಗಿ ಕಳಿಸಿ ಚಿತ್ರ ಬರೆಯುತ್ತದೆ, ಇದು ಇಡೀ ಮೆದುಳಿಗೆ ಒಂದೇ ಬಾರಿ ಶಬ್ದದ ಅಲೆ ಕಳಿಸುತ್ತದೆ, ಅದೂ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಎಂದು ಗಾಳಿಯಲ್ಲಿ ಬರೆದು ತೋರಿಸಿದರು. ಅಷ್ಟು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಅಲುಗದೆ ಇರುವುದೆಲ್ಲ ಅಳಿಸಿಹೋಗಿ, ಹರಿಯುವ ರಕ್ತ ಮಾತ್ರ ಉಳಿಯುತ್ತದಂತೆ. ಎಷ್ಟೇ ನಿಧಾನವಾಗಿ ಹರಿದರೂ ಕಾಣುತ್ತದಂತೆ. ಷರತ್ತು ಒಂದೇ, ಅಷ್ಟು ಹೊತ್ತು ಕೂಸು ಅಲುಗಬಾರದು. ತಲೆ ಒಂದು ಕೂದಲೆಳೆಯಷ್ಟು ಸರಿದರೂ ಎಲ್ಲ ಕಲಸಿಹೋಗುತ್ತದೆ.

ಕೂಸು ಅಲುಗಬಾರದು ಎಂಬುದನ್ನು ಅವರು ಬಹಳ ಸರಳವಾಗಿ ಹೇಳಿದರು. ಮಕ್ಕಳಿಲ್ಲದವರು ಎಂದು ಆಗಲೇ ಗೊತ್ತಾಯಿತು.

ಆಸ್ಪತ್ರೆಯ ಅನುಮತಿ, ತಂದೆತಾಯಿಯ ಒಪ್ಪಿಗೆ ಎಲ್ಲ ಮುಗಿದ ಮೇಲೆ ಮಕ್ಕಳ ಐಸಿಯು ಪಕ್ಕದ ಸಣ್ಣ ಕೋಣೆಯಲ್ಲಿ ಕೆಲಸ ಶುರುವಾಯಿತು. ಕೆಲವು ಕೂಸುಗಳು ಹಾಲು ಕುಡಿದು ಹಾಗೇ ಮಲಗಿದವು, ನಮಗೆ ಚಿತ್ರ ಸಿಕ್ಕಿತು. ಮೊದಲ ಚಿತ್ರ ಮೂಡಿದಾಗ ನಾನು ಮಾತಾಡಲೇ ಇಲ್ಲವಂತೆ. ನಾನು ಸುಮ್ಮನಿದ್ದದ್ದೇ ಆಸ್ಪತ್ರೆಯಲ್ಲಿ ಒಂದು ಸುದ್ದಿಯಾಯಿತು.

ಆಗ ಐಸಿಯುನಲ್ಲಿ ಒಂದು ಹೆಣ್ಣು ಕೂಸಿತ್ತು. ಏಳು ತಿಂಗಳಿಗೇ ಹುಟ್ಟಿದ್ದು, ಗಾಜಿನ ಪೆಟ್ಟಿಗೆಯಲ್ಲಿ ಕೆಲವು ವಾರ ಕಳೆದು ಈಗಷ್ಟೇ ತೊಟ್ಟಿಲಿಗೆ ಬಂದಿತ್ತು. ಅದರ ತಾಯಿ ನಮ್ಮ ಊರಿನದೇ ಇನ್ನೊಂದು ಬೀದಿಯ ಮಗ್ಗದ ಮನೆಯ ಸೊಸೆ, ಹೆರಿಗೆನೋವು ಬರುವವರೆಗೂ ಮಗ್ಗದ ಮುಂದೆ ನಿಂತವಳು. ಹಳೆಯ ಯಂತ್ರದಲ್ಲಿ ನಾನು ಆ ಕೂಸಿನ ತಲೆ ನೋಡಿದಾಗ ಎಡಗಡೆಯ ಹೊಂಡದ ಪಕ್ಕದಲ್ಲಿ ಬೆಳ್ಳಗೆ ಏನೋ ಹರಡಿದ ಹಾಗಿತ್ತು. ಬೇಗ ಹುಟ್ಟಿದ ಮಕ್ಕಳಲ್ಲಿ ಆ ಜಾಗ ಸುಮ್ಮನೆಯೂ ಬೆಳ್ಳಗೆ ಕಾಣುವುದುಂಟು. ಶಬ್ದ ಓರೆಯಾಗಿ ಬಿದ್ದರೆ ಸಾಕು. ಇಲ್ಲವೇ ಅಲ್ಲಿ ರಕ್ತ ಕಟ್ಟಿಕೊಂಡು ಮೆದುಳಿಗೆ ಪೆಟ್ಟಾಗಿರಲೂಬಹುದು. ಎರಡರಲ್ಲಿ ಯಾವುದು? ಮತ್ತೆ ಮತ್ತೆ ನೋಡಿದೆ. ಅದೇ ಬಿಳಿ, ಅದೇ ಮಂಜು. ಕಾದು ನೋಡೋಣ ಎಂದು ಮಕ್ಕಳ ಡಾಕ್ಟರು ತಾಯಿಗೆ ಹೇಳಿದರು.

ಅವತ್ತಿನಿಂದ ಆ ತಾಯಿ ಕೂಸನ್ನು ಮುಟ್ಟಲಿಲ್ಲ.

ದಿನವೂ ಬರುತ್ತಿದ್ದಳು. ಹಾಲು ಹಿಂಡಿ ಬಟ್ಟಲಲ್ಲಿ ಕೊಡುತ್ತಿದ್ದಳು. ನರ್ಸ್ ಅದನ್ನು ಒಳಲೆಯಲ್ಲಿ ಕುಡಿಸುವಾಗ ಎರಡು ಹೆಜ್ಜೆ ಹಿಂದೆ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೋಡುತ್ತಿದ್ದಳು. ಮಗುವನ್ನು ಬರಿಮೈಗೆ ಅವಚಿಕೊಂಡು ಕೂತರೆ ಅದು ಬೇಗ ಬಲಿಯುತ್ತದೆ, ಅಲ್ಲಿ ಎಲ್ಲ ತಾಯಂದಿರೂ ಹಾಗೆ ಕೂರುತ್ತಾರೆ. ಇವಳು ಒಪ್ಪಲಿಲ್ಲ. ನರ್ಸ್ ಬೈದಳು, ಮಕ್ಕಳ ಡಾಕ್ಟರು ಬುದ್ಧಿ ಹೇಳಿದರು, ಏನೂ ನಡೆಯಲಿಲ್ಲ. ಅವಳ ಅತ್ತೆ ನನ್ನನ್ನು ಕಾರಿಡಾರಿನಲ್ಲಿ ಪಕ್ಕಕ್ಕೆ ಕರೆದು ಕಾರಣ ಹೇಳಿದರು. ಮೊದಲನೆಯದೂ ಬೇಗ ಹುಟ್ಟಿತ್ತಂತೆ, ಗಂಡು. ಬೇರೆ ಆಸ್ಪತ್ರೆಯಲ್ಲಿ ಅದನ್ನು ಎದೆಗೆ ಅವಚಿಕೊಂಡೇ ಕೂತಿದ್ದಳಂತೆ. ಅವಚಿಕೊಂಡಿದ್ದ ಹಾಗೇ ಅದು ತಣ್ಣಗಾಯಿತಂತೆ.

ನಾನು ಅವಳ ಪಕ್ಕ ಹೋಗಿ ನಿಂತೆ. ಏನೋ ಸಮಾಧಾನ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

"ಎತ್ಕೊಂಡ್ಬಿಟ್ರೆ ಆಮೇಲೆ ಬಿಡಕ್ಕಾಗಲ್ಲ ಮೇಡಂ. ಒಳಗೇನೈತೆ ಅಂತ ಮೊದ್ಲು ಹೇಳ್ಬಿಡಿ. ಆಮೇಲ್ ನೋಡ್ತೀನಿ."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಒಳಗೇನಿದೆ ಎಂದು ಹೇಳುವುದೇ ನನ್ನ ಕಸುಬು, ಅದನ್ನು ಹೇಳಲಾರದೆ ನಿಂತಿದ್ದೆನಲ್ಲ, ಅದಕ್ಕೆ. ಕೂಸು ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಮಲಗಿತ್ತು. ನೆತ್ತಿ ಏರುತ್ತಿತ್ತು, ಇಳಿಯುತ್ತಿತ್ತು. ತಟ್ಟುವವರು ತಟ್ಟುತ್ತಲೇ ಇದ್ದರು.

ಹೊಸ ಯಂತ್ರಕ್ಕೆ ಆ ಕೂಸನ್ನು ತಂದೆವು. ಐಸಿಯುನಲ್ಲಿ ಯಂತ್ರಗಳ ಕೀಚು ಕೀಚು ಸದ್ದಿನ ನಡುವೆ ಮಲಗಿದ್ದದ್ದು, ನಮ್ಮ ಕೋಣೆಯ ಬಾಗಿಲು ಮುಚ್ಚಿದ ಕೂಡಲೇ ಕಣ್ಣು ಬಿಟ್ಟಿತು. ಕೈಕಾಲು ಬಡಿಯಿತು. ಅತ್ತಿತು. ಪರದೆಯ ಮೇಲೆ ಬಂದದ್ದು ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು. ಸದ್ದಿಗೆ ಎದ್ದಿರಬೇಕು ಎಂದರು ಎಂಜಿನಿಯರ್. ಮುಂದಿನ ಸಲ ಫ್ಯಾನ್ ನಿಲ್ಲಿಸಿದೆವು. ಅದಕ್ಕೂ ಮುಂದಿನ ಸಲ ಚಪ್ಪಲಿ ಹೊರಗೆ ಬಿಟ್ಟೆವು, ಫೋನುಗಳನ್ನು ಹೊರಗೆ ಕಳಿಸಿದೆವು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಕೇಳುವುದು ಅಪರಾಧ ಎಂಬ ಬೋರ್ಡಿನ ಪಕ್ಕದಲ್ಲಿ, ಸದ್ದು ಮಾಡಬಾರದು ಎಂಬ ಇನ್ನೊಂದು ಕಾಗದ ಅಂಟಿಸಿದೆವು. ನಾನು ಬಾಯಿಗೆ ಬೀಗ ಹಾಕಿಕೊಂಡು ಕಣ್ಸನ್ನೆಯಲ್ಲೇ ಕೆಲಸ ಮಾಡಿದೆ. ನನಗೆ ಅದೆಷ್ಟು ಕಷ್ಟ ಎಂದು ಬಲ್ಲವರೇ ಬಲ್ಲರು. ನಾವು ಕೋಣೆಯನ್ನು ಎಷ್ಟು ನಿಶ್ಶಬ್ದ ಮಾಡಿದೆವೋ ಕೂಸು ಅಷ್ಟು ಬೇಗ ಎಚ್ಚರಾಗುತ್ತಿತ್ತು. ಇನ್ನೂ ಸ್ವಲ್ಪ ಸೈಲೆಂಟ್ ಆಗಬೇಕು ಎಂದರು ಎಂಜಿನಿಯರ್. ಇನ್ನು ನಾವು ಉಸಿರು ಬಿಡುವುದನ್ನು ನಿಲ್ಲಿಸುವುದೊಂದು ಬಾಕಿ ಎಂದು ರೇಗಿದೆ. ಕೂಸು ನನ್ನ ದನಿಗೆ ಒಂದು ಗಳಿಗೆ ಅಳು ನಿಲ್ಲಿಸಿ, ಮತ್ತೆ ಶುರು ಮಾಡಿತು. ನಿದ್ದೆಯ ಔಷಧಿ ಕೊಡುವ ಮಾತೇ ಇರಲಿಲ್ಲ, ಅಷ್ಟು ಪುಟ್ಟ ಜೀವಕ್ಕೆ ಒಂದು ಚಿತ್ರಕ್ಕಾಗಿ ಯಾರು ಕೊಡುತ್ತಾರೆ?

ಆ ಭಾನುವಾರ ಅಮ್ಮನ ಮನೆಗೆ ಹೋಗಿದ್ದೆ. ಈಗ ಮಗ್ಗಗಳನ್ನು ತಮ್ಮ ನೋಡಿಕೊಳ್ಳುತ್ತಾನೆ. ಊಟ ಮಾಡಿ, ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ಗೋಡೆಯ ಕಡೆ ತಲೆ ಮಾಡಿ ಮಲಗಿದೆ. ಗೋಡೆಯಾಚೆ ಮಗ್ಗ ಓಡುತ್ತಿತ್ತು. ಆ ಸದ್ದು ಕಿವಿಗಿಂತ ಮೊದಲು ಬೆನ್ನಿಗೆ ತಿಳಿಯುತ್ತದೆ, ನೆಲದಿಂದ ಬರುತ್ತದೆ. ಕಣ್ಣು ಮುಚ್ಚಿದ ಮೇಲೆ ನಾನು ಎಷ್ಟು ವರ್ಷದವಳು ಎಂಬುದು ಮರೆತುಹೋಯಿತು. ಬೂದಿ ಬಣ್ಣದ ಒಂದು ಹಾದಿಯಲ್ಲಿ ನಡೆಯುತ್ತಿದ್ದೆ, ಎರಡು ಹೊಂಡಗಳ ನಡುವೆ. ನೀರು ಕಪ್ಪಗೆ, ಬೆಚ್ಚಗೆ ಇತ್ತು. ದಡದಲ್ಲಿ ಯಾರೋ ಬಿಳಿ ಸೀರೆ ಒಣಹಾಕಿದ್ದರು, ಅದರ ಹಿಂದೆ ಏನಿದೆ ಎಂದು ನೋಡಲು ಹೋದರೆ ಸೀರೆಯೂ ನನ್ನ ಜೊತೆಗೆ ಸರಿಯುತ್ತಿತ್ತು.

ಇದ್ದಕ್ಕಿದ್ದಂತೆ ಎಚ್ಚರವಾಯಿತು. ಕರೆಂಟ್ ಹೋಗಿತ್ತು. ಬೀದಿಯ ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತಿದ್ದವು, ಊರೇ ಖಾಲಿಯಾದ ಹಾಗಿತ್ತು. ನಾನು ಎದ್ದು ಕೂತೆ. ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಒಂದು ಕೂಸು ಅಳಲು ಶುರು ಮಾಡಿತು. ಎದುರು ಮನೆಯಲ್ಲಿ ಇನ್ನೊಂದು. ಬೀದಿಯ ಕೊನೆಯಲ್ಲಿ ಮತ್ತೊಂದು.

ಅಮ್ಮ ಅಡುಗೆಮನೆಯಿಂದಲೇ, "ಕರೆಂಟ್ ಬಂದ್ರೆ ಮಲ್ಕತಾವೆ ಬಿಡು" ಎಂದಳು.

ನಮ್ಮ ಬೀದಿಯಲ್ಲಿ ಇದು ಹೊಸದೇನಲ್ಲ. ಮಗ್ಗ ನಿಂತರೆ ಮಕ್ಕಳು ಏಳುತ್ತವೆ. ಬಾಣಂತಿಯರು ಕರೆಂಟಿನವರಿಗೆ ಶಾಪ ಹಾಕುತ್ತಾರೆ. ನನಗೆ ಗೊತ್ತೇ ಇತ್ತು, ಆ ಬೀದಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕೂಡಲೇ ನಾನೂ ಉಳಿದವರ ಹಾಗೆ, ನಿದ್ದೆ ಎಂದರೆ ನಿಶ್ಶಬ್ದ ಎಂದುಕೊಂಡಿದ್ದೆ. ಆ ಕೂಸಿಗೆ ಬಸಿರಿನಲ್ಲಿ ಕಿವಿ ಮೂಡಿದ ಮೇಲೆ ಕೇಳಿಸಿದ್ದೆಲ್ಲ ಅಮ್ಮನ ಎದೆಬಡಿತ ಮತ್ತು ಮಗ್ಗ. ನಾವು ಅದಕ್ಕೆ ಪದೇಪದೇ ಕರೆಂಟ್ ತೆಗೆಯುತ್ತಿದ್ದೆವು. ಅಮ್ಮ ಕಾಫಿ ತಂದಾಗ ನಾನು ಚಾಪೆಯ ಮೇಲೆ ಒಬ್ಬಳೇ ನಗುತ್ತಿದ್ದೆ. ಬಿಸಿಲಿಗೆ ತಲೆ ಕೆಟ್ಟಿರಬೇಕು ಎಂದಳು.

ಮರುದಿನ ಮಧ್ಯಾಹ್ನ ಆ ತಾಯಿಯ ಮನೆಗೆ ಹೋದೆ. ಆಸ್ಪತ್ರೆಯ ಮೇಡಂ ಬಾಗಿಲಲ್ಲಿ ನಿಂತದ್ದನ್ನು ಕಂಡು ಅತ್ತೆಯ ಮುಖದ ಬಣ್ಣ ಹೋಯಿತು, ಬಾಗಿಲಚೌಕಟ್ಟು ಹಿಡಿದುಕೊಂಡರು. ಕೂಸು ಚೆನ್ನಾಗಿದೆ ಎಂದು ಮೊದಲು ಹೇಳಿ, ಆಮೇಲೆ ಮಗ್ಗದ ಸದ್ದು ಬೇಕಾಗಿತ್ತು ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ನಕ್ಕರು. ಈ ಸದ್ದಿಗೆ ಬಾಡಿಗೆದಾರರು ಓಡಿಹೋಗುತ್ತಾರೆ, ನೆಂಟರು ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಕೇಳಿಕೊಂಡು ಬಂದವರನ್ನು ಇವತ್ತೇ ಕಂಡದ್ದು ಎಂದರು. ನಾನೂ ಮಗ್ಗದ ಮನೆಯವಳೇ ಎಂದೆ. ಯಾವ ಬೀದಿ, ಯಾರ ಮಗಳು ಎಂದೆಲ್ಲ ವಿಚಾರಿಸಿಕೊಂಡ ಮೇಲೆ ಮೇಡಂ ಎನ್ನುವುದನ್ನು ಬಿಟ್ಟು, ಬಾರವ್ವ ಎಂದು ಒಳಗೆ ಕರೆದರು.

ಸೊಸೆ ನಿಲ್ಲುತ್ತಿದ್ದದ್ದು ಕಿಟಕಿಯ ಪಕ್ಕದ ಮಗ್ಗದ ಮುಂದೆ. ಅದಕ್ಕೆ ಸ್ವಲ್ಪ ಕುಂಟು ಲಯ, ಎಲ್ಲೋ ಒಂದು ಭಾಗ ಸವೆದಿತ್ತು, ಹೊಡೆತದ ಹಿಂದೆಯೇ ಇನ್ನೊಂದು ಸಣ್ಣ ಹೊಡೆತ ಕೇಳಿಸುತ್ತಿತ್ತು. ಅವಳು ನಿಲ್ಲುತ್ತಿದ್ದ ಜಾಗದಲ್ಲೇ ನಿಂತೆ. ಬಸಿರಿನೊಳಗೆ ಈ ಸದ್ದು ಹೀಗೆ ಗಟ್ಟಿಯಾಗಿ ಕೇಳಿರಲಾರದು ಎನಿಸಿ, ಫೋನನ್ನು ಹತ್ತಿಯ ಟವೆಲ್ಲಿನಲ್ಲಿ ಸುತ್ತಿ, ಹೊಟ್ಟೆಗೆ ಅವಚಿ, ಸೆರಗು ಮುಚ್ಚಿಕೊಂಡು ರೆಕಾರ್ಡ್ ಮಾಡಿಕೊಂಡೆ. ಅತ್ತೆ ದೂರದಲ್ಲಿ ನಿಂತು ನೋಡುತ್ತಿದ್ದರು. ನಗು ನಿಂತಿತ್ತು. ಸೊಸೆಯೂ ಹೀಗೇ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಲ್ಲುತ್ತಿದ್ದಳು ಎಂದರು. ಕಣ್ಣೊರೆಸಿಕೊಂಡರು.

ಎಂಜಿನಿಯರ್‌ಗೆ ಇದು ಹಿಡಿಸಲಿಲ್ಲ. ಸದ್ದು ಎಂದರೆ ಕಂಪನ, ಕಂಪನ ಎಂದರೆ ಅಲುಗಾಟ ಎಂದು ಗಾಳಿಯಲ್ಲಿ ಅಲೆ ಬರೆದರು. ಮಕ್ಕಳ ಡಾಕ್ಟರು ಮಾತ್ರ ನಿಧಾನಕ್ಕೆ ತಲೆಯಾಡಿಸಿ, ದನಿ ತೀರಾ ಸಣ್ಣದಾಗಿರಲಿ, ಹಾಸಿಗೆಗೆ ತಾಗದಿರಲಿ ಎಂದರು. ಫೋನನ್ನು ಗೋಡೆಯ ಶೆಲ್ಫಿನ ಮೇಲಿಟ್ಟೆ. ಸದ್ದು ಮಾಡಬಾರದು ಎಂಬ ಕಾಗದವನ್ನು ಯಾರಿಗೂ ಹೇಳದೆ ಕಿತ್ತುಹಾಕಿದೆ.

ಹಾಲು ಕುಡಿದ ಕೂಸನ್ನು ತಂದು ಮಲಗಿಸಿದೆವು. ಬಾಗಿಲು ಮುಚ್ಚಿತು. ಕೂಸು ಕಣ್ಣು ಬಿಟ್ಟಿತು, ಮುಖ ಕಿವುಚಿತು, ಕಾಲು ಎಳೆದುಕೊಂಡಿತು. ಶೆಲ್ಫಿನಿಂದ ಕುಂಟು ಮಗ್ಗದ ಮಂದ ಸದ್ದು ಬರತೊಡಗಿತು. ಕೂಸು ಅಳುವುದಕ್ಕೆ ತೆರೆದ ಬಾಯಿಯನ್ನು ಹಾಗೇ ಇಟ್ಟುಕೊಂಡಿತು. ಏನನ್ನೋ ನೆನೆಸಿಕೊಳ್ಳುವವರ ಹಾಗೆ ಹುಬ್ಬು ಗಂಟಿಕ್ಕಿತು. ಬಾಯಿ ಮುಚ್ಚಿತು. ಮುಷ್ಟಿ ಸಡಿಲವಾಯಿತು. ಇದರಿಂದ ಏನೂ ಸಾಬೀತಾಗುವುದಿಲ್ಲ, ಹೊಟ್ಟೆ ತುಂಬಿದ್ದಕ್ಕೂ ಮಲಗಿರಬಹುದು ಎಂದು ಎಂಜಿನಿಯರ್ ಆಮೇಲೆ ಹೇಳಿದರು. ಇರಬಹುದು. ಆದರೆ ಆ ಹುಬ್ಬು ಗಂಟಿಕ್ಕಿದ್ದನ್ನು ನೋಡಿದವಳು ನಾನು.

ಬೆಚ್ಚಗೆ ಮಾಡಿದ ಜೆಲ್ ಹಚ್ಚಿ ನೆತ್ತಿಯ ಮೇಲೆ ಪ್ರೋಬ್ ಇಟ್ಟೆ. ಈಗ ಸೌಂಡ್ ಆಫ್ ಮಾಡೋಣ ಎಂದು ಎಂಜಿನಿಯರ್ ಶೆಲ್ಫಿನ ಕಡೆ ಕೈ ಚಾಚಿದರು.

"ಮುಟ್ಬೇಡಿ. ಮಗ್ಗ ನಿಂತ್ರೆ ಎದ್ದುಬಿಡುತ್ತೆ" ಎಂದೆ. ಜೀವನದಲ್ಲಿ ಮೊದಲ ಸಲ ಸರಿಯಾಗಿ ಪಿಸುಗುಟ್ಟಿದ್ದೆ.

ಅವರು ಕೈ ಹಿಂದಕ್ಕೆಳೆದುಕೊಂಡು ಗುಂಡಿ ಒತ್ತಿದರು. ಯಂತ್ರ ತನ್ನ ಲೆಕ್ಕ ಮಾಡಿಕೊಳ್ಳುವವರೆಗೆ ಪರದೆ ಕಪ್ಪಗಿತ್ತು. ನಾವು ಕಾದೆವು. ಕೋಣೆಯಲ್ಲಿ ಮಗ್ಗ ಓಡುತ್ತಿತ್ತು, ಕೂಸು ಉಸಿರಾಡುತ್ತಿತ್ತು. ಆಮೇಲೆ ಚಿತ್ರ ಬಂತು.

ರಾಗಿ ಪೈರು ಕಿತ್ತು ನೀರಲ್ಲಿ ಜಾಲಿಸಿದಾಗ ಬೇರು ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದಲ್ಲ, ಹಾಗಿತ್ತು. ಬಲಗಡೆಯ ಹೊಂಡಕ್ಕೆ ಸುತ್ತಲಿಂದ ಸಣ್ಣ ಸಣ್ಣ ನಾಳಗಳು ಬೀಸಣಿಗೆಯಂತೆ ಹರಡಿ ಬಂದು ಸೇರುತ್ತಿದ್ದವು. ಒಂದೊಂದರಲ್ಲೂ ರಕ್ತ ಹರಿಯುತ್ತಿತ್ತು, ಎಷ್ಟೋ ನಿಧಾನವಾಗಿ, ಯಾರ ಅವಸರವೂ ಇಲ್ಲದೆ. ಮಂಜು ಎದ್ದುಹೋಗಿತ್ತು. ಎಳೆ ಜೀವದೊಳಗೆ ಇಷ್ಟು ದಾರಿಗಳಿವೆಯಲ್ಲ ಎಂದುಕೊಂಡೆ. ಎಂಜಿನಿಯರ್ ಸದ್ದಿಲ್ಲದೆ ಎರಡೂ ಮುಷ್ಟಿ ಮೇಲಕ್ಕೆತ್ತಿ ಕುಣಿಯುವ ಹಾಗೆ ಮಾಡಿದರು. ಇಷ್ಟು ಸ್ವಚ್ಛವಾದ ಚಿತ್ರ ಅವರಿಗೂ ಮೊದಲು ಸಿಕ್ಕಿರಲಿಲ್ಲ.

ನಾನು ಎಡಗಡೆ ನೋಡಿದೆ. ಅಲ್ಲಿಯೂ ಅದೇ ಎಳೆಗಳು, ಅದೇ ಬೀಸಣಿಗೆ. ನಡುವೆ ಒಂದು ಸಣ್ಣ ಜಾಗ ಮಾತ್ರ ಖಾಲಿ. ಅಲ್ಲಿಗೆ ಬಂದ ಎಳೆಗಳು ಹೊರಗೇ ನಿಂತಿದ್ದವು. ಪ್ರೋಬನ್ನು ಸ್ವಲ್ಪ ಓರೆ ಮಾಡಿ ಮತ್ತೆ ತೆಗೆದೆವು. ಖಾಲಿ ಖಾಲಿಯಾಗಿಯೇ ಇತ್ತು.

ಎಂಜಿನಿಯರ್ ನನ್ನ ಮುಖ ನೋಡಿ ಕೈ ಇಳಿಸಿದರು. ಸಾರಿ ಮೇಡಂ ಎಂದರು, ಅದನ್ನು ತಾವೇ ಮಾಡಿದವರ ಹಾಗೆ. ಯಂತ್ರ ಚೆನ್ನಾಗಿದ್ದರೆ ಸುದ್ದಿಯೂ ಚೆನ್ನಾಗಿರುತ್ತದೆ ಎಂದು ನಾನು ಒಳಗೊಳಗೇ ನಂಬಿಬಿಟ್ಟಿದ್ದೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಎಂಥ ಮಂಕು ನಂಬಿಕೆ. ಮಂಜಿದ್ದಾಗ ಅಲ್ಲಿ ಏನೂ ಇರಲಾರದು ಎಂಬ ಆಸೆಯಾದರೂ ಇತ್ತು, ಅದನ್ನು ನಾವೇ ಕಷ್ಟಪಟ್ಟು ಒರೆಸಿಹಾಕಿದ್ದೆವು. ಫೋನಿನಲ್ಲಿ ಮಗ್ಗ ಇನ್ನೂ ಓಡುತ್ತಿತ್ತು. ಅದನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ತಾಯಿಗೆ ನಾನೇ ಹೇಳುತ್ತೇನೆ ಎಂದೆ. ಮಕ್ಕಳ ಡಾಕ್ಟರು ಜೊತೆಗೆ ಕೂತರು. ಅವಳನ್ನು ಆ ಕೋಣೆಗೇ ಕರೆಸಿ ಪರದೆಯ ಮುಂದೆ ಕೂರಿಸಿದೆವು, ಅತ್ತೆ ಅವಳ ಹಿಂದೆ ನಿಂತರು. ಕೂಸು ಪಕ್ಕದ ತೊಟ್ಟಿಲಲ್ಲಿ ಮಲಗಿತ್ತು. ನಾನು ಚಿತ್ರ ತೋರಿಸಿ, ಎಳೆಗಳೆಂದರೆ ರಕ್ತದ ದಾರಿ ಎಂದು ಹೇಳಿ, ಆ ಖಾಲಿ ಜಾಗದ ಸುತ್ತ ಬೆರಳಿನಿಂದ ಗೆರೆ ಎಳೆದೆ. ಅಲ್ಲಿ ರಕ್ತ ಕಟ್ಟಿ ಪೆಟ್ಟಾಗಿದೆ, ಸತ್ತ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ ಎಂದೆ. ಅವಳು ಮುಂದಕ್ಕೆ ಬಾಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರದಿಂದ ನೋಡಿದಳು. ನಿಜವಾಗಿ ಎಷ್ಟು ದೊಡ್ಡದು ಎಂದು ಕೇಳಿದಳು. ಅವರೆಕಾಳಿನಷ್ಟು ಎಂದೆ.

"ಮಿಕ್ಕಿದ್ದು?"

"ಮಿಕ್ಕಿದ್ದೆಲ್ಲ ಚೆನ್ನಾಗ್ ಹರೀತಿದೆ. ನೀವೇ ನೋಡ್ತಿದ್ದೀರಲ್ಲ."

ಇದರಿಂದ ಏನಾಗುತ್ತದೆ ಎಂಬುದನ್ನು ಮಕ್ಕಳ ಡಾಕ್ಟರು ಹೇಳಿದರು. ಜೀವಕ್ಕೆ ಈಗ ಅಪಾಯ ಕಾಣುತ್ತಿಲ್ಲ. ಒಂದು ಕಾಲು ಬಿಗಿಯಾಗಬಹುದು, ಆ ಕಡೆಯ ಕೈಯೂ ಸ್ವಲ್ಪ ಹಿಡಿಯಬಹುದು. ನಡೆಯುವುದು ತಡವಾಗಬಹುದು. ಈಗಿನಿಂದಲೇ ನೀವಿ, ಆಡಿಸಿ, ವ್ಯಾಯಾಮ ಮಾಡಿಸಿದರೆ ಎಷ್ಟೋ ಸರಿಹೋಗುತ್ತದೆ, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆವು ಎಂದರು. ಅತ್ತೆ ದೇವರನ್ನು ನೆನೆಯುತ್ತಿದ್ದರು. ಅವಳು ಅಳಲಿಲ್ಲ. ನಾನು ಅವಳ ಅಳುವಿಗಾಗಿ ಕರವಸ್ತ್ರ ಹುಡುಕಿಟ್ಟುಕೊಂಡಿದ್ದೆ, ಅದು ನನ್ನ ಕೈಯಲ್ಲೇ ಮುದುಡಿತು.

ಅವಳು ಕುರ್ಚಿಯಿಂದ ಎದ್ದು ತೊಟ್ಟಿಲ ಹತ್ತಿರ ಹೋದಳು. ಎರಡು ಹೆಜ್ಜೆ ಹಿಂದೆ ನಿಲ್ಲಲಿಲ್ಲ.

"ಯಾವ ಕಾಲು?" ಎಂದಳು.

ನಾನು ಉತ್ತರಿಸುವ ಮೊದಲೇ ಬಟ್ಟೆ ಸರಿಸಿ ಎಡಗಾಲು ಹಿಡಿದುಕೊಂಡಳು, ಚಿತ್ರದಲ್ಲಿ ಪೆಟ್ಟು ಎಡಗಡೆ ಎಂದಿದ್ದೆನಲ್ಲ. ಅದಲ್ಲ, ಮೆದುಳಿನ ಎಡಭಾಗ ನೋಡಿಕೊಳ್ಳುವುದು ಮೈಯ ಬಲಭಾಗವನ್ನು, ಬಲಗಾಲು ಎಂದೆ. ಅವಳು ಎಡಗಾಲನ್ನು ಮತ್ತೆ ಬಟ್ಟೆಯೊಳಗೆ ಬೆಚ್ಚಗೆ ಸೇರಿಸಿ, ಬಲಗಾಲನ್ನು ಹೊರತೆಗೆದಳು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಪಾದ. ಅದನ್ನು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

"ಇದ್ನ ನಾನ್ ನೋಡ್ಕತೀನಿ" ಎಂದಳು.

ಆಮೇಲೆ ಮಗುವನ್ನು ಎತ್ತಿಕೊಂಡಳು.